ಬಂದ ವಿಷಯ ಹೇಳದ ನಮ್ಮ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಜೊತೆ ಯಾರ ಮನೆಗೂ ಹೋಗಬೇಡಿ. ಹೋದಿರೋ, ನೀವು ಏತಕ್ಕೆ ಬಂದಿರೆಂದು ಆ ಮನೆಯವರಿಗೂ ತಿಳಿಯುವುದಿಲ್ಲ, ಸ್ವಲ್ಪ ಹೊತ್ತಿಗೆ ನಿಮಗೂ ಮರೆತುಹೋಗುತ್ತದೆ!

ತೊಂಬತ್ತರ ದಶಕದಲ್ಲಿ ಆಕೆ ಪಾಂಡವಪುರದ ಬುದ್ಧಿಮಾಂದ್ಯ ಮಕ್ಕಳ ಪುಟ್ಟ ಶಾಲೆಯೊಂದರಲ್ಲಿ ಟೀಚರು. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ದಂಡಪಿಂಡ. ಹಾಗಾಗಿ ಭಾನುವಾರ ಬಂತೆಂದರೆ ಆಕೆಯ ಲೂನಾಕ್ಕೆ ಡ್ರೈವರು. ಮಕ್ಕಳ ಮನೆಮನೆಗೆ ಹೋಗುವುದು ಆಕೆಯ ಹುಚ್ಚು. ಹೋಗಲಿ, ಹೋದಮೇಲೆ ಮಕ್ಕಳ ವಿಷಯ ಮಾತಾಡುತ್ತಾಳೆಯೇ? ರಾಮ ರಾಮಾ! ಮೊದಲ ಸಲ ಹೋದಾಗ ಆ ಮಾತೇ ಎತ್ತಕೂಡದೆಂದು ಆಕೆಯ ಕಾನೂನು. ಹಸು ಎಷ್ಟು ಹಾಲು ಕೊಡುತ್ತದೆ, ನಾಲೆಗೆ ನೀರು ಬಿಟ್ಟರಾ, ಸೊಪ್ಪಿನ ಸಾರಿಗೆ ಏನು ಹಾಕಿದಿರಿ, ಬರೀ ಇದೇ ಪುರಾಣ. ಮುದ್ದೆ ಉಂಡು, ಕೈ ತೊಳೆದು, "ಬತ್ತೀನಿ ಕಣವ್ವ" ಎಂದು ಎದ್ದುಬಿಡುವುದು!

"ಅಲ್ಲಾ ಚಿಕ್ಕಮ್ಮ, ಪೆಟ್ರೋಲ್ ಸುಟ್ಕೊಂಡು ಮುದ್ದೆ ಉಣ್ಣಕ್ ಬಂದ್ವಾ?"

"ಟೀಚ್ರು ಮನೆಗ್ ಬಂದ್ರು ಅಂದ್ರೇನೆ ಅವ್ರ ಎದೆ ಡವಡವ ಅಂತದೆ ಕಣ್ಲಾ, ಮಗೀನ ಮೇಲೆ ದೂರು ತಂದವ್ರೆ ಅಂತ. ಮೊದ್ಲು ನಾನು ಅವ್ರ ಮನೆಯೋಳಾಗ್ಬೇಕು. ಪಾಠ ಆಮೇಲೆ."

ಅರಕೆರೆಯ ಹುಡುಗನೊಬ್ಬನ ಅಪ್ಪ ಚಿಕ್ಕಮ್ಮನನ್ನು ಕಂಡರೆ ಸಾಕು, ಗದ್ದೆಗೆ ಓಟ ಕೀಳುತ್ತಿದ್ದ. ಬಿಟ್ಟಾಳೆಯೇ ಈ ಮಹಾತಾಯಿ? ಸೀರೆ ಎತ್ತಿಕಟ್ಟಿ ಕೆಸರಿಗಿಳಿದು, ನಾಟಿ ಹಾಕುವ ಹೆಂಗಸರ ಸಾಲಿನಲ್ಲಿ ನಿಂತೇಬಿಟ್ಟಳು. ಆಕೆ ನೆಟ್ಟ ಪೈರೆಲ್ಲ ನೀರಿನ ಮೇಲೆ ತೇಲತೊಡಗಿತು! ಆತ ಬೈಯುತ್ತಾ ಬಂದು ಮತ್ತೆ ನೆಟ್ಟ. ಬೈಯುತ್ತ ಬೈಯುತ್ತಲೇ ಮಗನ ಸುದ್ದಿಯನ್ನೂ ತಾನೇ ತೆಗೆದ. ಮುಂದಿನ ವಾರ ನೋಡಿದರೆ ಶಾಲೆಯ ಜಗುಲಿಯ ಮೇಲೆ ಹಾಜರು!

"ಪಾಠಾನೂ ನಾಟಿ ಅಂಗೇ ಮಾಡ್ತಾವ್ರಾ ಅಂತ ನೋಡವ ಅಂತ ಬಂದೆ," ಎಂದ.

ಆದರೆ ಈ ಕಾನೂನು ಉಲ್ಟಾ ಹೊಡೆದದ್ದು ಕ್ಯಾತನಹಳ್ಳಿಯಲ್ಲಿ. ಅಲ್ಲಿ ಏಳೆಂಟು ವರ್ಷದ ಬುದ್ಧಿಮಾಂದ್ಯ ಹೆಣ್ಣುಮಗುವೊಂದು ಶಾಲೆಯ ಮುಖವನ್ನೇ ಕಂಡಿಲ್ಲ ಎಂದು ಊರಿನ ನರ್ಸಮ್ಮ ಹೇಳಿದ್ದರು. ಹೇಗಾದರೂ ಅದನ್ನು ಶಾಲೆಗೆ ಸೇರಿಸಲೇಬೇಕೆಂದು ಚಿಕ್ಕಮ್ಮನ ಹಟ. ಆದರೆ ಅಲ್ಲಿಗೆ ಹೋದಮೇಲೆ ತಾನು ಟೀಚರೆಂದು ಸಹ ಹೇಳದೆ, ಕಬ್ಬು ಎಷ್ಟು ಎಕರೆ, ಅಮ್ಮನ ತವರು ಯಾವೂರು ಎಂದು ವಿಚಾರಿಸತೊಡಗಿದಳು. ಕೊಟ್ಟಿಗೆ ನೋಡಿದಳು, ಅಡುಗೆಮನೆಗೆ ಇಣುಕಿದಳು. ಪಕ್ಕದಲ್ಲಿ ಇಸ್ತ್ರಿ ಶರಟಿನ ನಾನು! ನಮ್ಮ ಕಡೆ ಮದುವೆಗೆ ಮುಂಚೆ ಮನೆತನ ನೋಡಲು ಬರುವವರು ಮಾಡುವುದೂ ಇದನ್ನೇ ತಾನೇ?

ಒಳಗೆ ಗುಸುಗುಸು, ಓಡಾಟ. ಸ್ವಲ್ಪ ಹೊತ್ತಿಗೆ ಮನೆಯ ದೊಡ್ಡ ಮಗಳು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು, ಕಾಫಿ ತಟ್ಟೆ ಹಿಡಿದು ನನ್ನ ಮುಂದೆ ತಲೆ ತಗ್ಗಿಸಿ ನಿಂತಳು.

"ಉಡುಗುನ್ಗೆ ಕೆಲ್ಸ ಯಾವ್ ಕಡೆ?" ಎಂದ ಅಪ್ಪ. ನನಗೆ ಕಾಫಿ ನೆತ್ತಿಗೆ ಹತ್ತಿತು!

"ಅಯ್ಯೋ, ಈ ಸೋಂಬೇರಿಗ್ಯಾರಣ್ಣ ಎಣ್ಣು ಕೊಡ್ತಾರೆ?" ಎನ್ನುತ್ತಾ ಚಿಕ್ಕಮ್ಮ ಮೊದಲ ಬಾರಿಗೆ ತನ್ನ ಕಾನೂನು ಮುರಿದಳು. "ನಾನು ಟೀಚರು ಕಣಣ್ಣ. ನಿಮ್ಮ ಚಿಕ್ಕ ಮಗಳ್ನ ನೋಡಕ್ ಬಂದೆ."

"ನಮ್ಗಿರೋಳು ಇವಳೊಬ್ಳೇ," ಎಂದ ಅಪ್ಪ, ನೆಲ ನೋಡುತ್ತಾ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಗುವಿನ ನಗು ಕೇಳಿಸಿತು.

"ದೊಡ್ಡೋಳ್ದು ಮದ್ವೆ ಆಗೋವರ್ಗೂ ಅಂತ ಒಳಗಿಟ್ಟಿದ್ವಿ ಕಣವ್ವ," ಎಂದಳು ಅಮ್ಮ, ಸೆರಗು ಬಾಯಿಗೊತ್ತಿಕೊಂಡು. "ಅವಳ್ನ ನೋಡವ ಅಂತ ಇಲ್ಲಿಗಂಟ ಯಾರೂ ಬಂದಿರ್ನಿಲ್ಲ."

ದೊಡ್ಡವಳು ತಟ್ಟೆ ಕೆಳಗಿಟ್ಟು ಸರಸರ ಒಳಗೆ ಹೋದಳು. ಹೊರಗೆ ಬಂದಾಗ ತಂಗಿಯ ಕೈ ಹಿಡಿದಿದ್ದಳು. ಮುಖ ತೊಳೆದು, ತಲೆ ಬಾಚಿ, ತನ್ನ ಹೂವಿನಲ್ಲೇ ಅರ್ಧ ಕಿತ್ತು ಮುಡಿಸಿದ್ದಳು. ಮಗು ನೇರ ಹೋಗಿ ಚಿಕ್ಕಮ್ಮನ ತೊಡೆಯೇರಿ ಕೂತಿತು.

ಅಪ್ಪ ಮೆಲ್ಲಗೆ ಕೇಳಿದ: "ಟೀಚ್ರೇ... ನಮ್ ಮಗಳು ನಿಮ್ಗೆ ಒಪ್ಗೆನಾ?"

"ಒಪ್ಗೆ ಕಣಣ್ಣ," ಎಂದಳು ಚಿಕ್ಕಮ್ಮ, ಕಣ್ಣೊರೆಸಿಕೊಳ್ಳುತ್ತಾ. "ನಾಳೆಯಿಂದ್ಲೇ ಕಳ್ಸಿಕೊಡಿ."