ಬಡಿಸಿದವನಿಗೊಂದು ರೊಟ್ಟಿ

ನಾನು ನಿಂತಿದ್ದದ್ದು ಸಿಂದಗಿಯ ಖಾನಾವಳಿಯಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ. ಹೋದ ವರ್ಷ ದೀಪಾವಳಿ ಮುಗಿದ ವಾರ, ಮಧ್ಯಾಹ್ನದ ಊಟದ ಗದ್ದಲ ತುಸು ಇಳಿದ ಹೊತ್ತು. ಕಂಡದ್ದನ್ನು ಹೇಳುವ ಮೊದಲು ಅಕ್ಕನ ಗಂಡ, ನನ್ನ ಭಾವನ ಬಗ್ಗೆ ಒಂದು ಮಾತು: ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಖಾನಾವಳಿಯಲ್ಲೂ ಬಡಿಸಿದವನಿಗೆ ಒಂದು ಪೈಸೆ ಖುಷಾಲಿ ಬಿಡದೆ ಅವರಷ್ಟು ಮರ್ಯಾದೆ ಪಡೆದವರು ಇನ್ನೊಬ್ಬರಿಲ್ಲ!

ಖುಷಾಲಿಯ ರೀತಿ ನಿಮಗೂ ಗೊತ್ತು. ಬಡೇಸೋಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತದೆ. ಜೊತೆಗೆ ಬೀಗರಿದ್ದರೆ ಕೈ ಸಡಿಲ, ಒಬ್ಬರೇ ಇದ್ದರೆ ಬಿಗಿ. ಫೋನಿನಲ್ಲಿ ದುಡ್ಡು ಹಾಕಿ, ಚಿಲ್ಲರೆಯಿಲ್ಲವೆಂದು ಜೇಬು ತಟ್ಟಿಕೊಂಡು ಹೊರಡುವವರೂ ಇದ್ದಾರೆ. ನಾನಂತೂ ಬಡಿಸಿದವನ ಕಣ್ಣಿಗೆ ಬೀಳುವವರೆಗೆ ನೋಟನ್ನು ಕೈಯಿಂದ ಬಿಡುವುದೇ ಇಲ್ಲ.

ಭಾವನದು ಇದಾವುದೂ ಅಲ್ಲ. ತಮ್ಮ ಊಟ ಮುಗಿದೊಡನೆ ಬಡಿಸಿದವನ ರಟ್ಟೆ ಹಿಡಿದು ಪಕ್ಕದಲ್ಲಿ ಕೂಡಿಸುವರು. ಹೊಸ ತಟ್ಟೆ ತರಿಸಿ, ಬಿಸಿ ರೊಟ್ಟಿ, ಎಣ್ಣೆಗಾಯಿ ತಾವೇ ಬಡಿಸುವರು. ಆ ಊಟದ ಬಿಲ್ಲೂ ಅವರದೇ. ಅವನು ಉಂಡು ಏಳುವವರೆಗೆ ಉಳಿದ ಗಿರಾಕಿಗಳು ಬರಿದಾದ ತಟ್ಟೆ ನೋಡುತ್ತ ಕೂಡಬೇಕು!

"ಗಿರಾಕಿ ಕಾಯಾಕತ್ತಾರ್ರಿ," ಎಂದು ಮಾಲಕರು ದುಡ್ಡಿನ ಗಲ್ಲೆಯಿಂದ ಗೋಗರೆದರೆ ಭಾವ ತಲೆಯೆತ್ತದೆ ಹೇಳುವರು, "ಮುಂಜಾನಿಂದ ಊರಿಗೆಲ್ಲಾ ನೀಡ್ಯಾನ. ಅವಗ ಯಾರು ನೀಡ್ಯಾರ?"

ನನಗೆ ಹೊಟ್ಟೆಯುರಿ. ಯಾಕಾಗಬಾರದು? ಪ್ರತಿ ಸಲ ನೋಟು ಇಡುವವನು ನಾನು. ಸಿಂದಗಿಯಲ್ಲಿ ಬಡಿಸುವ ಗುರಪ್ಪ ಅದನ್ನು ಜೇಬಿಗಿಳಿಸಿ, ನನ್ನ ಬೆನ್ನ ಹಿಂದಿನ ಬಾಗಿಲು ನೋಡುತ್ತ ಕೇಳುವುದೇನು? "ಅವ್ರು ಬಂದಿಲ್ಲೇನ್ರಿ?" ಹೆಸರು ಹೇಳುವ ಅಗತ್ಯವೂ ಇಲ್ಲ!

ಒಮ್ಮೆ ಇಂಡಿಯಲ್ಲಿ ನಾನೂ ಒಬ್ಬನ ರಟ್ಟೆ ಹಿಡಿದು ಕೂಡೆಂದೆ. ಅವನ ಮುಖ ಬಿಳಿಚಿತು.

"ಪಲ್ಲೆದಾಗ ಏನರ ಬಿದ್ದೈತೇನ್ರಿ?"

ಇಲ್ಲವೆಂದರೂ ಕೇಳದೆ ಪಲ್ಯ ಬದಲಿಸಿ ತಂದ. ಮಾಲಕರು ಓಡಿಬಂದು, ಕೈಮುಗಿದು, ಬಿಲ್ಲು ಬೇಡವೆಂದರು. ಖುಷಾಲಿ ಕೊಡಲು ಹೋದವನು ಪುಕ್ಕಟೆ ಉಂಡು ಬಂದೆ! ಕೇಳಿದ ಅಕ್ಕ ನಕ್ಕಳು. "ರಟ್ಟಿ ಅವಂದು ಹಿಡದಿ. ಕಣ್ಣು ಎಲ್ಲಿಟ್ಟಿದ್ದಿ?" ನಿಜ ಹೇಳಬೇಕೆಂದರೆ, ಆಚೀಚಿನ ಮೇಜುಗಳವರು ನೋಡುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ.

ಇನ್ನು ಆ ದಿನದ ಮಾತು. ಹೋದ ವರ್ಷದ ಮಳೆಗಾಲದಲ್ಲೇ ಭಾವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಹಟ ಹಿಡಿದು ಬಾಗೇವಾಡಿಯಿಂದ ಸಿಂದಗಿಗೆ ಬಂದಿದ್ದರು. ಅಕ್ಕ ತುತ್ತು ಮಾಡಿ ಉಣಿಸಿದಳು. ಊಟವಾದ ಮೇಲೆ ನಾನು ಕೈ ತೊಳೆದು ತಿರುಗಿದೆ. ಭಾವ ಬಲಗೈಯನ್ನು ರೊಟ್ಟಿಯ ಬುಟ್ಟಿಯತ್ತ ಎತ್ತಲು ನೋಡುತ್ತಿದ್ದರು. ಎಡಗೈಯಿಂದ ಬಡಿಸುವುದುಂಟೇ? ಬಲಗೈ ಏಳಲಿಲ್ಲ.

ಯಾರೂ ರಟ್ಟೆ ಹಿಡಿಯದೆಯೇ ಗುರಪ್ಪ ಬಂದು ಪಕ್ಕದಲ್ಲಿ ಕುಳಿತ. ತಟ್ಟೆ ತಾನೇ ತಂದಿದ್ದ. ಒಂದು ರೊಟ್ಟಿ ತೆಗೆದು ಭಾವನ ಬಲ ಅಂಗೈಯಲ್ಲಿಟ್ಟ. ಆ ಮಣಿಕಟ್ಟನ್ನು ಮೆಲ್ಲಗೆ ಎತ್ತಿ ತನ್ನ ತಟ್ಟೆಯ ಮೇಲೆ ತಂದ.

"ನೀಡ್ರಿ," ಎಂದ.

ಕೈ ವಾಲಿತು. ರೊಟ್ಟಿ ತಟ್ಟೆಗೆ ಜಾರಿತು. ಗುರಪ್ಪ ತಲೆತಗ್ಗಿಸಿ ಉಂಡ. ಮಾಲಕರು ಗೋಗರೆಯಲಿಲ್ಲ, ಗಲ್ಲೆ ಬಿಟ್ಟು ತಾವೇ ಗಿರಾಕಿಗಳಿಗೆ ಸಾರು ಬಡಿಸಿದರು. ಆ ದಿನದಷ್ಟು ಹೊಟ್ಟೆಯುರಿ ನನಗೆ ಎಂದೂ ಆಗಿಲ್ಲ.

ಭಾವ ತೀರಿಕೊಂಡ ಮೇಲೆ ಅಲ್ಲಿಗೆ ನಾನೊಬ್ಬನೇ ಹೋಗುತ್ತೇನೆ. ಗುರಪ್ಪ ಏನೂ ಕೇಳುವುದಿಲ್ಲ, ಬಾಗಿಲು ಮಾತ್ರ ನೋಡುತ್ತಾನೆ. ನಾನೂ ತಿರುಗಿ ನೋಡುತ್ತೇನೆ.

ಅಂದು ಅದನ್ನು ಕಂಡವರಲ್ಲಿ, ಗಿರಾಕಿಗಳನ್ನು ಬಿಟ್ಟರೆ, ಇಂದು ಇರುವವರು: ನನ್ನ ಅಕ್ಕ, ಗಲ್ಲೆಯ ಮಾಲಕರು, ಗುರಪ್ಪ, ನಾನು.