ಹೆಸರು ಆಮೇಲೆ ತಿಳಿಸಲಾಗುವ ಆಟಗಾರ

ಮಿಲ್‌ಹೇವನ್ ಹೆರನ್ಸ್ ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಶ್ರೀ ವಾರನ್ ಪೆಟಿಗ್ರೂ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಎಲ್ಡನ್ ಫಾಲ್ಸ್ ಊರಿನ ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚುವ ಕೆಲಸದಲ್ಲಿರುವ, ಹನ್ನೊಂದನೇ ತರಗತಿಯನ್ನು ಅರ್ಧಕ್ಕೇ ಬಿಟ್ಟಿದ್ದರೂ ತಮ್ಮ ತಂಡವನ್ನು ಮಾತ್ರ ಇದುವರೆಗೆ ಬಿಡಲಾಗದೆ ಒದ್ದಾಡುತ್ತಿರುವ ಈ ಅಭಿಮಾನಿಯ ಗೌರವಪೂರ್ವಕ ವಂದನೆಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ತಂಡದ ಆರೋಗ್ಯವನ್ನು ದಿನಾ ಸಂಜೆ ರೇಡಿಯೋದಲ್ಲಿ ಕೇಳುತ್ತಿರುವುದರಿಂದ ಅದರ ಬಗ್ಗೆ ವಿಚಾರಿಸಿ ತಮ್ಮನ್ನು ಮುಜುಗರಕ್ಕೆ ಒಳಪಡಿಸುವುದಿಲ್ಲ. ಈ ಪತ್ರವನ್ನು ನಮ್ಮೂರ ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನೇರವಾಗಿ ಬರೆದ ಪತ್ರಗಳಿಗೆಲ್ಲ ತಮ್ಮ ಕಚೇರಿಯಿಂದ ಒಂದೇ ಬಗೆಯ ಉತ್ತರ ಬಂದಿದೆ, ತಂಡದ ಗುರುತಾದ, ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆಯ ಚಿತ್ರವಿರುವ ಸ್ಟಿಕ್ಕರ್. ಅವನ್ನೆಲ್ಲ ಅಮ್ಮ ಫ್ರಿಜ್ಜಿಗೆ ಅಂಟಿಸುತ್ತ ಬಂದಿದ್ದಾಳೆ; ಫ್ರಿಜ್ಜಿನ ಮೂಲ ಬಣ್ಣ ಯಾವುದಿತ್ತೆಂದು ಈಗ ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ಮೊದಲಿಗೆ ಅಭಿನಂದನೆಗಳು. ಯಾರು ಬೇಕಾದರೂ ಸೋಲಬಹುದು, ಆದರೆ ಏಪ್ರಿಲ್‌ನಲ್ಲೇ ಕೊನೆಯ ಸ್ಥಾನಕ್ಕೆ ಹೋಗಿ, ಬೇರೆ ಯಾವ ತಂಡವೂ ಆ ಜಾಗವನ್ನು ಕಸಿದುಕೊಳ್ಳದಂತೆ ಬೇಸಿಗೆಯುದ್ದಕ್ಕೂ ಕಾಪಾಡಿಕೊಂಡು ಬರುವುದಕ್ಕೆ ಆಡಳಿತದಲ್ಲಿ ದೂರದೃಷ್ಟಿ ಬೇಕು. ನಮ್ಮ ಕ್ಯಾಚರ್ ಬ್ಯಾಟು ಬೀಸುವುದನ್ನು ನೋಡಿದರೆ ಸೆಖೆಗೆ ಗಾಳಿ ಹಾಕಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಎರಡನೇ ಮತ್ತು ಮೂರನೇ ನೆಲೆಗಳ ನಡುವೆ ಶಾರ್ಟ್‌ಸ್ಟಾಪ್ ಆಗಿ ನಿಲ್ಲುವ ಹಿರಿಯ ಆಟಗಾರ ಕ್ಲಿಫ್ ಡೆವರೋ ಅವರಂತೂ ಪಕ್ಕದಲ್ಲಿ ಉರುಳಿಹೋಗುವ ಚೆಂಡನ್ನು ಊರಿಗೆ ಹೊರಟ ನೆಂಟರನ್ನು ಬೀಳ್ಕೊಡುವಂತೆ ನಿಂತು ನೋಡುತ್ತಾರೆ. ಅವರೊಂದಿಗಿನ ಒಪ್ಪಂದ ಇನ್ನೂ ಐದು ವರ್ಷ ಇದೆಯೆಂದು ಕೇಳಿದ್ದೇನೆ. ಈ ಪತ್ರ ಬರೆಯುವಾಗ ನನ್ನ ಮೈಮೇಲಿರುವುದು ಅವರದೇ ಹೆಸರಿನ ಅಂಗಿ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸುಳ್ಳು ಹೇಳಲು ಬಾರದಿರುವುದು ನನ್ನ ದೊಡ್ಡ ರೋಗ. ಈ ದೂರಿನ ಮೂಲವೂ ಅದೇ.

ಜುಲೈ ಕೊನೆಗೆ ನಡೆಯುವ ಆಟಗಾರರ ವಿನಿಮಯದ ಪೇಟೆಯಲ್ಲಿ ಸೋಲುವ ತಂಡಗಳು ಹಳೆಯ ಆಟಗಾರರನ್ನು ಮಾರಿ ಹುಡುಗರನ್ನು ಕೊಳ್ಳುತ್ತವೆ, ಗೆಲ್ಲುವ ತಂಡಗಳು ಹುಡುಗರನ್ನು ಕೊಟ್ಟು ಹಳಬರನ್ನು ಕೊಳ್ಳುತ್ತವೆ ಎಂಬುದು ನಮ್ಮಂಥ ಓದದವರಿಗೂ ಗೊತ್ತಿರುವ ಲೆಕ್ಕ. ತಾವು ಮಾತ್ರ, ತಳದಲ್ಲಿ ಕುಳಿತೇ, ಸೀಬ್ರೈಟ್ ಕ್ಯಾಪ್ಟನ್ಸ್ ತಂಡದಿಂದ ಗ್ರೇಡಿ ಹಾಲ್ವರ್ಸನ್ ಎಂಬ, ಚೆಂಡು ಎಸೆಯುವ ಮೂವತ್ತೆಂಟು ವರ್ಷದ ಪಿಚರನ್ನು ಕೊಂಡಿರಿ. ಬದಲಿಗೆ ಕೊಡುವುದೇನೆಂದು ನೋಡಿದರೆ ಪತ್ರಿಕೆಯಲ್ಲಿದ್ದದ್ದು ಇಷ್ಟೇ: 'ಹೆಸರು ಆಮೇಲೆ ತಿಳಿಸಲಾಗುವ ಒಬ್ಬ ಆಟಗಾರ'. ಅಂದು ಅಂಗಡಿಯಲ್ಲಿ ಕುಣಿದವನು ನಾನು. ಒಬ್ಬ ಪಿಚರನ್ನು ತಂದೆವು, ಯಾರನ್ನೂ ಕಳೆದುಕೊಳ್ಳಲಿಲ್ಲ, ಪೆಟಿಗ್ರೂ ಸಾಹೇಬರ ತಲೆಯೇ ತಲೆ ಎಂದು ಜ್ಯಾಕಿನ ಮೇಲಿದ್ದ ಕಾರಿನ ಹಾರ್ನ್ ಒತ್ತಿದೆ. ನಮ್ಮ ಯಜಮಾನ ಓರ್ವಿಲ್ ಕಾಫಿ ಲೋಟ ಕೆಳಗಿಟ್ಟು, "ಲೇ ಡಾರಿಲ್, ಗಿರಾಕಿ ನಾಲ್ಕು ಟೈರ್ ಹಾಕಿಸ್ಕೊಂಡು, 'ಏನು ಕೊಡ್ತೀನಿ ಅಂತ ಆಮೇಲೆ ಹೇಳ್ತೀನಿ' ಅಂತ ಹೋದ್ರೆ ಅವನು ಕುಣೀಬೇಕೋ ನಾನು ಕುಣೀಬೇಕೋ?" ಎಂದು ಕೇಳಿದ. ಈ ಮುದುಕರಿಗೆ ಆಟದ ಹೊಸ ವ್ಯವಹಾರ ಅರ್ಥವಾಗುವುದಿಲ್ಲ ಎಂದು ನಾನು ಇನ್ನೊಮ್ಮೆ ಹಾರ್ನ್ ಒತ್ತಿದೆ.

ಮರುದಿನದ ಪತ್ರಿಕೆ ಉಳಿದದ್ದನ್ನು ಹೇಳಿತು. ಹೆಸರಿಲ್ಲದವನಿಗೆ ಹೆಸರು ಇದ್ದೇ ಇರುತ್ತದಂತೆ. ಎರಡೂ ತಂಡದವರು ಒಳಗೊಳಗೇ ನಾಲ್ಕೈದು ಹುಡುಗರನ್ನು ಗುರುತಿಸಿಟ್ಟುಕೊಂಡು, ಆ ಕಡೆಯವರು ಬಂದು ಆಟ ನೋಡಿ, ಸಾವಕಾಶವಾಗಿ ಒಬ್ಬನನ್ನು ಆರಿಸಿಕೊಳ್ಳುತ್ತಾರಂತೆ. ಆ ಹುಡುಗರೆಲ್ಲ ತಮ್ಮ ತಂಡಕ್ಕೇ ಆಟಗಾರರನ್ನು ತಯಾರು ಮಾಡಿಕೊಡುವ, ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗಿರುವ ನಮ್ಮೂರ ಮಡ್‌ಲಾರ್ಕ್ಸ್ ತಂಡದವರು. ಆ ಮಡ್‌ಲಾರ್ಕ್ಸ್‌ನ ಶಾರ್ಟ್‌ಸ್ಟಾಪ್ ಎಮಿಲ್ಸನ್ ಬ್ರಿಟೋ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಆಗ ವಾಸವಾಗಿದ್ದ. ಈ ಹುಡುಗರಿಗೆ ತಾವು ಕೊಡುವ ಸಂಬಳದಲ್ಲಿ ಬಾಡಿಗೆ ಮನೆಯ ಬಾಗಿಲು ತಟ್ಟಲು ಸಾಧ್ಯವೇ ಹೊರತು ಒಳಗೆ ಹೋಗಲು ಸಾಧ್ಯವಿಲ್ಲವಾದ್ದರಿಂದ ಊರಿನವರು ಮನೆಗೊಬ್ಬರಂತೆ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿದೆ.

ಎಮಿಲ್ಸನ್ ಡೊಮಿನಿಕನ್ ರಿಪಬ್ಲಿಕ್‌ನ ಕಬ್ಬಿನ ಸೀಮೆಯವನು. ಎರಡು ಬೇಸಿಗೆಯ ಹಿಂದೆ ಬಂದಾಗ ಅವನಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದದ್ದು 'ಕೋಳಿ' ಮತ್ತು 'ಬಿಡು, ನಾನು ಹಿಡೀತೀನಿ' ಇಷ್ಟೇ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಅಮ್ಮ ನಾನು ಬಿಟ್ಟ ಪಠ್ಯಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ರಾತ್ರಿ ಊಟದ ಮೇಜಿನ ಮೇಲೆ ಅವನಿಗೆ ಓದಿಸಿದಳು. ಅವನು ಅವನ್ನು ಕೊನೆಯ ಪುಟದವರೆಗೆ ಓದಿದ. ಆ ಪುಸ್ತಕಗಳಿಗೆ ಕೊನೆಯ ಪುಟ ಇದೆಯೆಂದು ನನಗೂ ಆಗಲೇ ಗೊತ್ತಾದದ್ದು. ಅವನಿಗಾಗಿ ಅಮ್ಮ ಬಾಳೆಕಾಯಿ ಹುಡುಕಿಕೊಂಡು ಪಕ್ಕದ ಊರಿನವರೆಗೆ ಹೋಗುತ್ತಿದ್ದಳು. ಅಪ್ಪ ಮನೆ ಬಿಟ್ಟು ಹೋದಮೇಲೆ ಅವಳು ಅಡುಗೆ ಮಾಡುತ್ತ ಹಾಡು ಗುನುಗಿದ್ದನ್ನು ನಾನು ಕೇಳಿದ್ದು ಇವನು ಬಂದಮೇಲೆಯೇ. ಸಂಜೆ ಗ್ಯಾರೇಜಿನ ಹಿಂದೆ ಬಕೆಟ್ಟು ಬೋರಲು ಹಾಕಿ ಕೂತು ನಾನು ಅವನಿಗೆ ಚೆಂಡು ಎಸೆಯುತ್ತಿದ್ದೆ. ಯಾವ ಕೆಲಸದಲ್ಲೂ ಆರು ತಿಂಗಳು ನಿಲ್ಲದ ನಾನು ಬೇಸರವಿಲ್ಲದೆ ಮಾಡಿದ ಕೆಲಸ ಅದೊಂದೇ. ಇಂಥವನನ್ನು ತಾವು ಒಬ್ಬ ಹಳೆಯ ಪಿಚರ್‌ಗೆ ಕೊಟ್ಟುಬಿಡಬಹುದು ಎಂದು ತಿಳಿದಾಗ ಮನೆಯಲ್ಲಿ ಮೂವರೂ ಊಟ ಬಿಟ್ಟೆವು. ಮೂವರಲ್ಲಿ ಹಾರ್ನ್ ಒತ್ತಿದವನು ಒಬ್ಬನೇ.

ಆದ್ದರಿಂದ ಸೀಬ್ರೈಟ್‌ನಿಂದ ಹುಡುಗರ ಆಟ ನೋಡಿ ಆರಿಸಲು ಲೆಸ್ಟರ್ ಕ್ವಿಂಬಿ ಎಂಬ ಹುಲ್ಲುಟೋಪಿಯ ಹಿರಿಯರು ಬಂದು ನಮ್ಮೂರ ಮೈದಾನದ ಬಲೆಯ ಹಿಂದೆ ಕುಳಿತ ದಿನ, ತಂಡದ ಹಿತದೃಷ್ಟಿಯಿಂದ ನಾನೇ ಮುಂದಾಗಿ ಅವರ ಪಕ್ಕದಲ್ಲಿ ಕುಳಿತು, ಎಮಿಲ್ಸನ್ ಬಗ್ಗೆ ಅವರಿಗೆ ಜಿಗುಪ್ಸೆ ಹುಟ್ಟಿಸುವ ಜವಾಬ್ದಾರಿ ವಹಿಸಿಕೊಂಡೆ. ಕಡಲೆಕಾಯಿ ಮುಂದಿಟ್ಟು, "ಆ ಶಾರ್ಟ್‌ಸ್ಟಾಪ್ ಹುಡುಗನ್ನ ನೋಡೋಕೆ ಬಂದ್ರಾ ಸಾರ್? ದಂಡ. ಅವನಿಗೆ ತಿರುಗೋ ಬಾಲ್ ಕಾಣ್ಸೋದೇ ಇಲ್ಲ" ಎಂದೆ. ಅವರು ಪೆನ್ಸಿಲ್ ಎತ್ತಿದರು. ಅದು ಕಾಗದ ಮುಟ್ಟುವುದರೊಳಗೆ ನನ್ನ ರೋಗ ಕೆರಳಿತು. "ಅಂದ್ರೆ, ಮೇ ತಿಂಗಳವರೆಗೆ ಕಾಣ್ತಿರ್ಲಿಲ್ಲ." "ಈಗ?" "ಈಗ ಕಾಣ್ತದೆ. ನಾನೇ ದಿನಾ ಎಸೆದು ಅಭ್ಯಾಸ ಮಾಡ್ಸಿದೀನಿ." "ಹೋಗ್ಲಿ, ಶಿಸ್ತು ಹೆಂಗೆ?" ಎಂದರು. "ಎಲ್ಲಿ ಶಿಸ್ತು ಸಾರ್? ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ…" "ಏಳಲ್ವಾ?" "ಅಷ್ಟೊತ್ತಿಗೆ ಎದ್ದು ಓಡೋಕೆ ಹೋಗಿರ್ತಾನೆ. ಆದ್ರೆ ಹಾಸಿಗೆ ಮಡಚಿರಲ್ಲ. ಅದನ್ನ ಬರ್ಕೊಳಿ." ಅವರು ಬರೆದುಕೊಳ್ಳಲಿಲ್ಲ. ಕೊನೆಯ ಅಸ್ತ್ರವಾಗಿ, "ಬೇಗ ಸಿಟ್ಟು ಬರ್ತದೆ ಅವನಿಗೆ" ಎಂದೆ. "ಯಾರ ಮೇಲೆ?" "ತನ್ನ ಮೇಲೇನೇ. ಒಂದು ಬಾಲ್ ಬಿಟ್ರೆ ರಾತ್ರಿಯೆಲ್ಲ ಗೋಡೆಗೆ ಬಾಲ್ ಹೊಡ್ಕೊಂಡು ಕೂತಿರ್ತಾನೆ, ನಮ್ಮಮ್ಮಂಗೆ ನಿದ್ದೆ ಇಲ್ಲ."

ಕ್ವಿಂಬಿಯವರು ಕಡಲೆಕಾಯಿಯ ಪೊಟ್ಟಣವನ್ನು ಪೂರ್ತಿಯಾಗಿ ತಮ್ಮ ಕಡೆಗೆ ಎಳೆದುಕೊಂಡು, "ಅಲ್ಲಪ್ಪಾ, ಈ ಕೆಲಸದಲ್ಲಿ ತಲೆ ಹಣ್ಣಾಯ್ತು ನಂದು. ಮಗನ್ನ ಹೊಗಳೋ ಅಪ್ಪಂದಿರನ್ನ ನೋಡಿದೀನಿ, ಏಜೆಂಟರನ್ನ ನೋಡಿದೀನಿ, ಯಾರ ಮಾತನ್ನೂ ನಂಬಿಲ್ಲ. ಬೈಯೋಕೆ ಅಂತ ಬಂದು ಬೈಯೋಕಾಗದೆ ಬೆವರೋನು ಸಿಕ್ಕಿದ್ದು ನೀನೊಬ್ನೇ. ನಿನ್ನ ನಂಬ್ತೀನಿ" ಎಂದರು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅಮ್ಮ ಸೌಟು ಹಿಡಿದೇ ತಿರುಗಿದಳು. "ಇವನ ಬಾಯಿಗೆ ಅವತ್ತೇ ಬೀಗ ಹಾಕ್ಬೇಕಿತ್ತು. ಶಾಲೇಲಿ ಪ್ರಿನ್ಸಿಪಾಲರು 'ಯಾಕಪ್ಪಾ ಕ್ಲಾಸಿಗೆ ಬರಲ್ಲ' ಅಂತ ಕೇಳಿದ್ರೆ 'ಬೇಜಾರು' ಅಂದ, ಮಹಾನುಭಾವ. ಹೊಟ್ಟೆನೋವು ಅಂದಿದ್ರೆ ಒಂದು ವಾರ ರಜಾನಾದ್ರೂ ಸಿಕ್ತಿತ್ತು" ಎಂದಳು. ಎಮಿಲ್ಸನ್ ತಟ್ಟೆ ತೊಳೆದಿಟ್ಟು ಮೆಟ್ಟಿಲ ಕಡೆ ನಡೆದ. ಅಲ್ಲಿ ನಿಂತು, "ಡಾರಿಲ್, ಸೀಬ್ರೈಟ್‌ನಲ್ಲಿ ಶಾರ್ಟ್‌ಸ್ಟಾಪ್ ಯಾರು?" ಎಂದು ಕೇಳಿದ. ಎಲ್ಲ ತಂಡಗಳ ಎಲ್ಲ ಆಟಗಾರರೂ ನನಗೆ ಬಾಯಿಪಾಠ. ಶಾಲೆಯಲ್ಲಿ ಇದನ್ನು ಕೇಳಿದ್ದರೆ ನಾನು ಇಷ್ಟು ಹೊತ್ತಿಗೆ ಡಾಕ್ಟರಾಗಿರುತ್ತಿದ್ದೆ. "ಯಾರೂ ಇಲ್ಲ. ಇದ್ದೋನು ಮೊಣಕಾಲು ಮುರ್ಕೊಂಡು ಮಲಗಿದಾನೆ" ಎಂದೆ. "ಇಲ್ಲಿ?" ಎಂದ. "ಇಲ್ಲಿ ಡೆವರೋ. ಇನ್ನೂ ಐದು ವರ್ಷ." ಅವನು ನನ್ನ ಅಂಗಿಯನ್ನು ಒಮ್ಮೆ ನೋಡಿ, ದೀಪ ಆರಿಸಿಕೊಂಡು ಕೆಳಗಿಳಿದ. ಆಮೇಲೆ ಬಹಳ ಹೊತ್ತು ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು. ಅವನು ಇಲ್ಲೇ ಉಳಿಯಲಿ ಎಂದು ನಾನು ಬಯಸುವುದೂ, ಅವನು ಡೆವರೋ ಅವರ ಹಿಂದೆ ಕೂತು ಇಲ್ಲೇ ಮುದುಕನಾಗಲಿ ಎಂದು ಬಯಸುವುದೂ ಒಂದೇ ಎಂಬುದು ಆ ಸದ್ದು ಕೇಳುತ್ತ ಮಲಗಿದ್ದಾಗ ನನಗೆ ಹೊಳೆಯಿತು. ಹೊಳೆದದ್ದನ್ನು ಮರೆಯಲು ಸಾಕಷ್ಟು ಪ್ರಯತ್ನಪಟ್ಟೆ.

ಆ ವಾರವೇ ತಮಗೊಂದು ಪತ್ರ ಬರೆದದ್ದು ತಮ್ಮ ನೆನಪಿನಲ್ಲಿರಬಹುದು. ಹೆಸರು ಇನ್ನೂ ತಿಳಿಸಿಲ್ಲವಾದ್ದರಿಂದ ಡೆವರೋ ಅವರ ಹೆಸರನ್ನೇ ತಿಳಿಸಬೇಕೆಂದೂ, ಅವರನ್ನು ಯಾರೂ ಒಲ್ಲದಿದ್ದರೆ ಮೈದಾನದಲ್ಲಿ ಕೊಕ್ಕರೆಯ ವೇಷ ಹಾಕಿ ಕುಣಿಯುವವನನ್ನು ಕಳಿಸಬೇಕೆಂದೂ, ಅವನು ಕನಿಷ್ಠಪಕ್ಷ ಚೆಂಡು ಬಂದ ಕಡೆಗೆ ಓಡುತ್ತಾನೆಂದೂ ವಿನಂತಿಸಿದ್ದೆ. ಇದೂ ಆಗದಿದ್ದಲ್ಲಿ ನನ್ನನ್ನೇ ಕೊಟ್ಟುಬಿಡಿ ಎಂದಿದ್ದೆ. ಊರಿನಲ್ಲಿ ಯಾರೂ ನನ್ನ ಹೆಸರನ್ನು ಇದುವರೆಗೆ ಯಾವ ಒಳ್ಳೆಯ ಕಾರಣಕ್ಕೂ ತಿಳಿಸಿಲ್ಲವಾದ್ದರಿಂದ ಆ ಪದವಿಗೆ ನನಗಿಂತ ಅರ್ಹರಿರಲಿಲ್ಲ. ಬ್ಯಾಟು ಹಿಡಿದರೆ ನಾನೂ ತಮ್ಮ ಕ್ಯಾಚರ್‌ನಷ್ಟೇ ಹೊಡೆಯುತ್ತೇನೆ, ಊಟ ಮಾತ್ರ ಅವರಿಗಿಂತ ಕಡಿಮೆ. ಉತ್ತರವಾಗಿ ಸ್ಟಿಕ್ಕರ್ ಬಂತು. ಅದರ ಹಿಂದೆಯೇ ಒಂದು ಮುಂಜಾನೆ ಎಮಿಲ್ಸನ್‌ಗೆ ಫೋನ್ ಬಂತು. ಹೆಸರು ತಿಳಿಸಲಾಗಿತ್ತು.

ವಿಮಾನ ಅಂದೇ ಮಧ್ಯಾಹ್ನ. ನನ್ನ ಹಳೆಯ ಟ್ರಕ್ಕಿನಲ್ಲಿ ಮೂವರೂ ಒತ್ತಿಕೊಂಡು ಮಿಲ್‌ಹೇವನ್‌ಗೆ ಹೋದೆವು. ದಾರಿಯುದ್ದಕ್ಕೂ ಅಮ್ಮ ಸೀಬ್ರೈಟ್‌ನ ಚಳಿಯ ಬಗ್ಗೆ ಮಾತಾಡಿದಳು, ಅಲ್ಲಿ ಚಳಿಯೇ ಇಲ್ಲವೆಂದು ಗೊತ್ತಿದ್ದೂ ನಾವಿಬ್ಬರೂ ಹೂಂಗುಟ್ಟಿದೆವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಎಮಿಲ್ಸನ್ ಚೀಲ ಹೆಗಲಿಗೇರಿಸಿಕೊಂಡು, "ಸೆಪ್ಟೆಂಬರ್‌ನಲ್ಲಿ ಸೀಬ್ರೈಟ್ ಇಲ್ಲಿಗೆ ಆಡೋಕೆ ಬರ್ತದೆ. ಅವತ್ತು ನಾನು ಆಡ್ತಿದ್ರೆ ಯಾರಿಗೆ ಕೂಗ್ತೀಯ ನೀನು?" ಎಂದು ಕೇಳಿದ. ಮಾನ್ಯರೇ, ಜಗತ್ತಿನ ಯಾವ ಮನುಷ್ಯನಾದರೂ ಅಲ್ಲಿ ಏನು ಹೇಳುತ್ತಿದ್ದನೆಂಬುದು ನನಗೆ ಗೊತ್ತಿತ್ತು. "ಹೆರನ್ಸ್‌ಗೆ" ಎಂದೆ. ಅಮ್ಮ ನನ್ನ ತೋಳನ್ನು ಚಿವುಟಿದ ಗುರುತು ಇನ್ನೂ ಇದೆ. ಎಮಿಲ್ಸನ್ ಮಾತ್ರ ದೊಡ್ಡದಾಗಿ ನಕ್ಕ. "ಸದ್ಯ! 'ನಿಂಗೇ' ಅಂದುಬಿಟ್ಟಿದ್ರೆ, ಆ ಟೋಪಿ ತಾತನ ಹತ್ರ ನೀನು ಹೇಳಿದ್ದೆಲ್ಲಾನೂ ಸುಳ್ಳು ಅಂದ್ಕೋಬೇಕಾಗ್ತಿತ್ತು ಕಣೋ" ಎಂದು ಅಪ್ಪಿಕೊಂಡ. ಹೋದ ವಾರ ಅವನು ಸೀಬ್ರೈಟ್‌ನ ದೊಡ್ಡ ತಂಡದಲ್ಲಿ ಶಾರ್ಟ್‌ಸ್ಟಾಪ್ ಆಗಿ ನಿಂತ. ನಾವು ಹೆರನ್ಸ್ ಆಟದ ರೇಡಿಯೋ ಆರಿಸಿ ಆ ಆಟ ಕೇಳಿದೆವು. ಅದೂ ತಮಗೆ ತಿಳಿದಿರಲಿ ಎಂದು ಬರೆದಿದ್ದೇನೆ.

ಆದಕಾರಣ ಈ ವಿನಿಮಯದಲ್ಲಿ ಬೇರೆ ಹೆಸರು ತಿಳಿಸಬೇಕೆಂಬ ನನ್ನ ಹಿಂದಿನ ಪತ್ರದ ಬೇಡಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ತಾವು ಮಾಡಿದ ಒಂದೇ ಒಂದು ಒಳ್ಳೆಯ ವ್ಯವಹಾರ ಇದು. ಅದು ಬೇರೆಯವರಿಗೆ ಒಳ್ಳೆಯದಾಯಿತು ಎಂಬುದು ಸಣ್ಣ ವಿಷಯ. ನಾನು ಕೊಟ್ಟ ಮಾತಿನಂತೆ ಸೆಪ್ಟೆಂಬರ್‌ನಲ್ಲಿ ಹೆರನ್ಸ್‌ಗೇ ಕೂಗುತ್ತೇನೆ. ಆದರೆ ನಮ್ಮವರು ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ ಹೋದಾಗಲೆಲ್ಲ ಬಾಯಿ ಮುಚ್ಚಿಕೊಂಡಿರಲು ಅನುಮತಿ ಕೊಡಬೇಕೆಂದು ಪ್ರಾರ್ಥನೆ. ಬಾಯಿ ಮುಚ್ಚಿಕೊಂಡಿರುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ.

ಇಷ್ಟಾದ ಮೇಲೂ ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ
ಡಾರಿಲ್ ವೊಯ್ಟಾಕ್

ತಾ.ಕ.: ಹಾಲ್ವರ್ಸನ್ ಅವರು ಎರಡು ಆಟ ಆಡಿ, ಮೊಣಕೈಗೆ ಪೆಟ್ಟಾಗಿ ತೋಳಿಗೆ ಜೋಲಿಪಟ್ಟಿ ಕಟ್ಟಿಕೊಂಡು ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿರುವುದನ್ನು ನೋಡಿದೆ. ಸಿಪ್ಪೆ ಉಗುಳುವುದರಲ್ಲಿ ಅವರ ಗುರಿ ಇನ್ನೂ ಚೆನ್ನಾಗಿದೆ. ನಮ್ಮ ನೆಲಮಾಳಿಗೆಯ ಕೋಣೆ ಈಗ ಖಾಲಿಯಿದೆ. ಅಮ್ಮ ಹೊದಿಕೆ ಒಗೆದು ಒಣಗಿಸಿದ್ದಾಳೆ. ಮುಂದಿನ ಬೇಸಿಗೆಗೆ ಇನ್ನೊಬ್ಬ ಹುಡುಗನನ್ನು ಕಳಿಸಿಕೊಡಬೇಕಂತೆ. ಈ ಸಲ ದಯವಿಟ್ಟು ಯಾರಿಗೂ ಬೇಡವಾದವನನ್ನೇ ಆರಿಸಿ ಕಳಿಸಿ. ನಮಗೆ ಅವನನ್ನು ಇಟ್ಟುಕೊಳ್ಳಬೇಕೆಂದಿದೆ. ಅಂಥವರನ್ನು ಹುಡುಕಲು ತಾವು ಕಚೇರಿಯ ಕಿಟಕಿಯಿಂದ ಮೈದಾನದ ಕಡೆಗೆ ಒಮ್ಮೆ ನೋಡಿದರೂ ಸಾಕು.