ಪಿತೃಪಕ್ಷದಲ್ಲಿ ನೇಪಲ್ಸ್

ನನ್ನ ಹಳೆಯ ಡೈರಿಯಲ್ಲಿ ಸೆಪ್ಟೆಂಬರ್ ಹದಿನಾಲ್ಕರ ಪುಟ ಹೀಗಿದೆ: "ನೇಪಲ್ಸ್ ತಲುಪಿದೆ. ಕೋಣೆ ಚೊಕ್ಕಟವಾಗಿದೆ. ಲಿಫ್ಟು ನಾಣ್ಯ ಹಾಕಿದರೆ ಮಾತ್ರ ಮೇಲೇರುತ್ತದೆ. ಮನೆಯಲ್ಲಿ ಒಟ್ಟು ಏಳು ಜನ, ಅವರಲ್ಲಿ ಆರು ಮಂದಿ ತೀರಿಕೊಂಡವರು." ಎರಡು ದಿನದ ನಂತರ ಆ 'ಆರು' ಹೊಡೆದು 'ಐದು' ಎಂದು ತಿದ್ದಿದ್ದೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ, ಹಾಜರಿ ಪುಸ್ತಕ ಬರೆದವಳು ನಾನು. ಲೆಕ್ಕ ತಪ್ಪುವುದು ಅಪರೂಪ. ಆದರೆ ಆ ಊರಿನಲ್ಲಿ ಇರುವವರು ಯಾರು, ಹೋದವರು ಯಾರು ಎನ್ನುವುದರಲ್ಲಿ ದಿನಕ್ಕೊಂದು ಸಲವಾದರೂ ಎಡವುತ್ತಿದ್ದೆ.

ಹೊರಟಿದ್ದು ಪಿತೃಪಕ್ಷದಲ್ಲಿ. ರಾಜಾಜಿನಗರದ ನಮ್ಮ ಮನೆಯಲ್ಲಿ ಮಗನೂ ಸೊಸೆಯೂ ಒಂದೇ ದನಿಯಲ್ಲಿ ಬೇಡ ಎಂದರು. ಪಕ್ಷ ನೋಡಿ ವಿಮಾನ ಹಾರುವುದಿಲ್ಲ, ನಾನು ಬಿ.ಎ. ಓದಿದವಳು ಎಂದೆ. ಕೊನೆಗೆ ಮಗ ಒಂದು ಷರತ್ತು ಹಾಕಿದ. ನಮ್ಮಲ್ಲಿ ಸಂಜೆ ಆರಕ್ಕೆ, ಅಂದರೆ ಅಲ್ಲಿ ಮಧ್ಯಾಹ್ನ ಎರಡೂವರೆಗೆ, ದಿನಾ ವಿಡಿಯೋ ಕಾಲ್ ಮಾಡುತ್ತಾನೆ. ನಾನು ಒಂದೇ ಒಂದು ಫಜೀತಿಗೆ ಸಿಕ್ಕಿದ್ದು ಗೊತ್ತಾದರೂ, ಇನ್ನು ಮುಂದೆ ಒಬ್ಬಳೇ ಎಲ್ಲಿಗೂ ಹೋಗುವಂತಿಲ್ಲ. ಒಪ್ಪಿದೆ. ಅರವತ್ತಾರರಲ್ಲಿ ಮೊದಲ ಸಲ ಒಬ್ಬಳೇ ಹೊರಟಿದ್ದೆ. ಅದು ಕೊನೆಯ ಸಲ ಆಗಬಾರದು ಎನ್ನುವುದೊಂದೇ ನನ್ನ ಹಟ.

ಗೋಡೆಯ ಮೇಲಿನವರು

ನನಗೆ ಕೋಣೆ ಬಾಡಿಗೆಗೆ ಕೊಟ್ಟಾಕೆ ನನ್ನದೇ ವಯಸ್ಸಿನ ಹೆಂಗಸು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಇಟಾಲಿಯನ್ ಬಾರದು. ನಮ್ಮಿಬ್ಬರ ನಡುವೆ ಫೋನು ಅನುವಾದ ಮಾಡುತ್ತಿತ್ತು. ಹಜಾರದ ಗೋಡೆಯ ಮೇಲೆ ಆರು ಫೋಟೋ, ಪ್ರತಿಯೊಂದರ ಕೆಳಗೂ ಒಂದು ಪುಟ್ಟ ಕೆಂಪು ಬಲ್ಬು. ನಮ್ಮ ಕಡೆ ಹೀಗೆ ದೀಪ ಹಾಕಿದ್ದರೆ ಕೇಳುವುದೇ ಬೇಡ, ಅವರು ಹೋದವರೇ. ಬೆಳಿಗ್ಗೆ ಎದ್ದ ಕೂಡಲೇ ಆರು ಜನಕ್ಕೂ ಕೈ ಮುಗಿಯುತ್ತಿದ್ದೆ. ಕೊನೆಯ ಫೋಟೋದ ದಪ್ಪ ಮೀಸೆಯವರ ಕಣ್ಣು ಮಾತ್ರ ನಾನು ಹೋದ ಕಡೆಗೆಲ್ಲ ತಿರುಗಿದ ಹಾಗಿರುತ್ತಿತ್ತು.

ಮೂರನೆಯ ದಿನ ಕೈ ಮುಗಿದು ಕಣ್ಣು ತೆರೆದರೆ ಅದೇ ಮೀಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದೆ. ಕೈಯಲ್ಲಿ ಕಾಫಿ. ಅವರು ಕಪ್ಪನ್ನು ನನ್ನ ಮುಂದಿಟ್ಟು ಒಳಗೆ ಹೋದರು.

ಫೋನು ಹಿಡಿದು ಮನೆಯಾಕೆಯನ್ನು ಕೇಳಿದೆ. ಗಂಡನಂತೆ, ಹಡಗಿನ ಕೆಲಸ, ಆಗಾಗ ಬಂದು ಹೋಗುತ್ತಾರಂತೆ. ಹಾಗಾದರೆ ದೀಪ ಏಕೆ ಎಂದೆ. ಫೋನು ಅನುವಾದ ಮಾಡಿತು: "ಐದು ವರ್ಷದಿಂದ ಮಾತು ಬಿಟ್ಟಿದ್ದೇವೆ. ನನ್ನ ಪಾಲಿಗೆ ಅವರೂ ಆ ಸಾಲಿನವರೇ."

ಕತ್ತಲೆಯ ಚಿತ್ರ

ಪಠ್ಯಪುಸ್ತಕದಲ್ಲಿ ಹೆಬ್ಬೆರಳಿನಷ್ಟಿದ್ದ ಕಪ್ಪುಬಿಳುಪು ಚಿತ್ರ ತೋರಿಸಿ ಇಟಲಿಯ ಕಲೆಯನ್ನು ಪಾಠ ಮಾಡಿದವಳು ನಾನು. ನಿಜವಾದದ್ದನ್ನು ನೋಡಲು ಒಂದು ಹಳೆಯ ಚರ್ಚಿಗೆ ಹೋದೆ. ತಲೆ ಕಡಿಸಿಕೊಂಡ ಸಂತನೊಬ್ಬನ ದೊಡ್ಡ ಚಿತ್ರ ಒಳಗಿದೆ, ಆದರೆ ಸುತ್ತ ಗವ್ವೆನ್ನುವ ಕತ್ತಲೆ. ಪಕ್ಕದ ಡಬ್ಬಿಗೆ ಒಂದು ಯೂರೋ ಹಾಕಿದರೆ ಎರಡು ನಿಮಿಷ ದೀಪ ಹತ್ತುತ್ತದೆಯಂತೆ. ಎರಡು ನಿಮಿಷಕ್ಕೆ ನೂರು ರೂಪಾಯಿ. ಬೇರೆ ಯಾರಾದರೂ ಬಂದು ಹಾಕಲಿ ಎಂದು ಬೆಂಚಿನ ಮೇಲೆ ಕೂತೆ.

ಹತ್ತು ನಿಮಿಷವಾಯಿತು. ಯಾರೂ ಬರಲಿಲ್ಲ. ಆದರೆ ಯಾರೋ ಉಸಿರಾಡುತ್ತಿದ್ದರು. ಎಡಗಡೆ ಒಂದು ಉಸಿರು, ಕಂಬದ ಹಿಂದೆ ಒಂದು, ನನ್ನ ಬೆನ್ನಿಗೇ ಒಂದು. ರಾಯರ ಸ್ಮರಣೆ ಮಾಡುತ್ತ ತಡಕಾಡಿ ಡಬ್ಬಿಗೆ ನಾಣ್ಯ ಹಾಕಿದೆ.

ದೀಪ ಹತ್ತಿತು. ಕಂಬಗಳ ಹಿಂದಿನಿಂದ, ಮೂಲೆಗಳಿಂದ ಎಂಟು ಜನ ಪ್ರವಾಸಿಗಳು ಸದ್ದಿಲ್ಲದೆ ಎದ್ದು ಬಂದು ಚಿತ್ರದ ಮುಂದೆ ನಿಂತರು. ನನಗಿಂತ ಮೊದಲೇ ಬಂದು ಕಾಯುತ್ತಿದ್ದವರು. ಒಬ್ಬಾಕೆಯಂತೂ ಊಟದ ಡಬ್ಬಿ ತೆರೆದುಕೊಂಡೇ ಕೂತಿದ್ದಳು.

ಅಮಾವಾಸ್ಯೆಯ ಎಡೆ

ಮಹಾಲಯ ಅಮಾವಾಸ್ಯೆಯ ದಿನ ಊರಿನಲ್ಲಿ ಮಗ ತನ್ನ ತಂದೆಗೆ ಎಡೆ ಇಡುತ್ತಾನೆ. ನನಗೂ ಮನಸ್ಸು ತಡೆಯಲಿಲ್ಲ. ಆ ಊರಿನ ಬೀದಿಯಲ್ಲಿ ಅನ್ನಕ್ಕೆ ಚೀಸ್ ಸೇರಿಸಿ ಉಂಡೆ ಕಟ್ಟಿ ಕರಿದು ಮಾರುತ್ತಾರೆ. ಮಾಂಸವಿಲ್ಲ ತಾನೇ ಎಂದು ಮೂರು ಸಲ ಕೇಳಿ ಮೂರು ಉಂಡೆ ತಂದೆ. ಎಲೆಯ ಬದಲು ಪಿಂಗಾಣಿ ತಟ್ಟೆಯಲ್ಲಿಟ್ಟು, ಬಾಲ್ಕನಿಯ ಕಟ್ಟೆಯ ಮೇಲಿರಿಸಿ, ಕಾಗೆಗಾಗಿ ಕಾದೆ.

ಕಾಗೆ ಬರಲಿಲ್ಲ. ಎಲ್ಲಿಂದಲೋ ಒಂದು ಬಿಳಿಯ ಕಡಲಹಕ್ಕಿ, ಬಾತುಕೋಳಿಯಷ್ಟು ದೊಡ್ಡದು, ಬಂದು ಕೂತಿತು. ನನ್ನನ್ನೇ ದಿಟ್ಟಿಸಿತು. ಮೂರೂ ಉಂಡೆ ನುಂಗಿತು. ತಟ್ಟೆಯನ್ನು ಕೊಕ್ಕಿನಲ್ಲಿ ನನ್ನತ್ತ ನೂಕಿ ಇನ್ನೂ ಬೇಕು ಎನ್ನುವ ಹಾಗೆ ನಿಂತಿತು. ನಮ್ಮ ಯಜಮಾನರು ತಟ್ಟೆ ಸರಿಸುತ್ತಿದ್ದುದೂ ಹಾಗೇ.

ಮಧ್ಯಾಹ್ನದ ಕಾಲ್‌ನಲ್ಲಿ ಇದನ್ನು ಹೇಳಿದಾಗ ಮಗ ತಿರುಗಿ ಕಿಟಕಿಯ ಆಚೆ ನೋಡಿದ. ಆಮೇಲೆ, "ಇಲ್ಲಿ ಕಾಗೆ ಇನ್ನೂ ಮುಟ್ಟಿಲ್ಲಮ್ಮ," ಎಂದ. ಸೊಸೆ ಹಿಂದಿನಿಂದ ಹೇಳಿದಳು: "ಹೇಗೆ ಮುಟ್ತಾರೆ? ಕರಿದಿದ್ದು ಅಂದ್ರೆ ಮಾವ ಸಮುದ್ರ ದಾಟಿ ಹೋಗ್ತಾರೆ."

ನೆಲಮಾಳಿಗೆ

ಹೊರಡುವ ಹಿಂದಿನ ದಿನ, ಮನೆಯಾಕೆ ಹೇಳಿದ ಒಂದು ಚರ್ಚಿಗೆ ಹೋದೆ. ಅದರ ನೆಲಮಾಳಿಗೆಯಲ್ಲಿ, ಹಿಂದೆ ಮಾರಿಬೇನೆಯಲ್ಲಿ ಸತ್ತ ಹೆಸರಿಲ್ಲದವರ ಬುರುಡೆಗಳನ್ನು ಒಪ್ಪವಾಗಿ ಗುಡ್ಡೆ ಹಾಕಿದ್ದಾರೆ. ಆ ಊರಿನ ಹೆಂಗಸರು ಒಂದೊಂದು ಬುರುಡೆಯನ್ನು ತಮ್ಮದೆಂದುಕೊಂಡು, ಒರೆಸಿ, ಬತ್ತಿ ಹಚ್ಚಿ, ವರ ಕೇಳುತ್ತಿದ್ದರಂತೆ. ಮೂಲೆಯಲ್ಲಿ ಒಂದರ ಮೇಲೆ ಬೆರಳು ದಪ್ಪ ಧೂಳು. ಧೂಳು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕರವಸ್ತ್ರ ತೆಗೆದು ಒರೆಸತೊಡಗಿದೆ.

ಆಗ ಮೇಲೆ ಗಂಟೆ ಬಾರಿಸಿತು. ಮಂಗಳಾರತಿ ಇರಬೇಕೆಂದು ಅಲ್ಲೇ ಕಣ್ಣು ಮುಚ್ಚಿ, ಕೈ ಮುಗಿದು ನಿಂತೆ. ಗಂಟೆ ನಿಂತಿತು. ಕಣ್ಣು ತೆರೆದರೆ ದೀಪವಿಲ್ಲ. ಮೇಲೆ ಬಾಗಿಲಿಗೆ ಅಗುಳಿ ಬಿದ್ದ ಸದ್ದು. ಅಲ್ಲಿ ಮಧ್ಯಾಹ್ನ ಊಟಕ್ಕೆ ಚರ್ಚು ಮುಚ್ಚಿದರೆ ತೆರೆಯುವುದು ನಾಲ್ಕಕ್ಕೇ.

ಗೋಡೆಯ ಮೇಲ್ಭಾಗದಲ್ಲಿ ಬೀದಿಗೆ ತೆರೆದ ಒಂದು ಕಿಂಡಿಯಿತ್ತು. ಅದರಲ್ಲಿ ಜನರ ಪಾದಗಳು ಮಾತ್ರ ಕಾಣುತ್ತಿದ್ದವು. "ಯಾರ್ರೀ ಅಲ್ಲಿ?" ಎಂದು ಕೂಗಿದೆ. ಒಂದು ಜೊತೆ ಚಪ್ಪಲಿ ನಿಂತಿತು. ಬಗ್ಗಿದ ಹೆಂಗಸಿನ ಮುಖ ಕಂಡಿತು. ಬುರುಡೆಗಳ ನಡುವೆ ಕೆನೆಬಣ್ಣದ ಸೀರೆ ಕಂಡದ್ದೇ ಆಕೆ ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಚಪ್ಪಲಿ ಬಿಟ್ಟು ಓಡಿದಳು.

ಫೋನಿಗೆ ರೇಂಜು ಇಲ್ಲ. ಎರಡೂವರೆಗೆ ಕಾಲ್ ಸಿಗದಿದ್ದರೆ ಮಗ ರಾಯಭಾರ ಕಚೇರಿಯನ್ನೇ ಎಬ್ಬಿಸುತ್ತಾನೆ. ಒರೆಸಿದ ಬುರುಡೆಯ ಮುಂದೆ ಬಂದು, ಹೆದರಿಕೆಯಲ್ಲಿ ಕೇಳಿಯೇಬಿಟ್ಟೆ: ಅಪ್ಪಾ, ನಮ್ಮವರದ್ದೊಂದು ದನಿ ಕೇಳಿಸು. ಆ ಕ್ಷಣ ಫೋನು ರಿಂಗಾಯಿತು.

"ಎಲ್ಲಿದೀಯಮ್ಮ? ಬರೀ ಕತ್ತಲೆ."

"ಚರ್ಚಲ್ಲಿದೀನಿ ಕಣೋ. ಇಲ್ಲಿ ಎಲ್ಲಾ ಚರ್ಚೂ ಹೀಗೇನೇ."

"ಸುತ್ತ ಜನ ಇದಾರಾ?"

"ತುಂಬಾ ಇದಾರೆ." ಅದು ಸುಳ್ಳಲ್ಲ.

"ಹಿಂದೆ ಗುಡ್ಡೆ ಹಾಕಿದಾರಲ್ಲ, ಏನದು?"

"ತೆಂಗಿನಕಾಯಿ."

ಸೊಸೆ ಪರದೆಗೆ ಮುಖ ತಂದಳು. ಅಲ್ಲೂ ಹರಕೆಗೆ ಕಾಯಿ ಒಡೆಯುತ್ತಾರಾ, ಸುಲಿದದ್ದಾ, ಜುಟ್ಟಿದೆಯಾ ಎಂದೆಲ್ಲ ವಿಚಾರಿಸಿದಳು. ಸುಲಿದದ್ದು, ಜುಟ್ಟು ತೆಗೆದದ್ದು ಎಂದು ಗಂಭೀರವಾಗಿ ಉತ್ತರ ಕೊಟ್ಟೆ. ಮಗ ಮಾತ್ರ ಪರದೆಗೆ ಇನ್ನೂ ಹತ್ತಿರ ಬಗ್ಗಿದ. ಕೊನೆಗೆ ಮೆಲ್ಲಗೆ ಹೇಳಿದ:

"ಅಮ್ಮ, ಅದರಲ್ಲಿ ಒಂದಕ್ಕೆ ಹಲ್ಲಿದೆ."

ನಾಲ್ಕಕ್ಕೆ ಬಾಗಿಲು ತೆರೆದ ಮುದುಕಿ ನನ್ನನ್ನು ನೋಡಿ ಮೆಟ್ಟಿಲ ಮೇಲೇ ಕುಸಿದು ಕೂತಳು. ನೀರು ಕುಡಿಸಿ ಸುಧಾರಿಸಿದ್ದು ನಾನೇ. ಕೆಳಗೆ ಫೋನು ಬಂತು ಎಂದು ಅನುವಾದ ಮಾಡಿ ತೋರಿಸಿದಾಗ, ಇಲ್ಲವೆಂದು ತಲೆಯಾಡಿಸಿದಳು. ಆಕೆ ಅಲ್ಲಿರುವಷ್ಟು ವರ್ಷವೂ ಆ ನೆಲಮಾಳಿಗೆಯಲ್ಲಿ ಯಾರ ಫೋನೂ ಬಂದಿಲ್ಲವಂತೆ.

ಆ ದಿನದ ಬಾಬ್ತು: ಪ್ರವೇಶ ಚೀಟಿ ಏಳು ಯೂರೋ, ಮೇಣದ ಬತ್ತಿ ಒಂದು ಯೂರೋ, ಬುರುಡೆಯ ಕೆಳಗೆ ಹಾಸಿ ಬಂದ ಕಸೂತಿ ಕರವಸ್ತ್ರ ಒಂದು. ಬರುವ ವರ್ಷ ಕಾಶಿ ಯಾತ್ರೆ, ಬಡಾವಣೆಯ ಭಜನಾ ಮಂಡಳಿಯ ಹದಿನಾಲ್ಕು ಜನರ ಜೊತೆ. ಬಸ್ಸಿನಲ್ಲಿ ಮಂಡಳಿಯ ಅಧ್ಯಕ್ಷೆಯ ಪಕ್ಕದ ಸೀಟು. ಮುಂಗಡ ಮಗ ಕಟ್ಟಿದ್ದಾನೆ.